ಘಟ್ಟದ ದಾರಿಯ ಮಿಲ್ಕ್‌ಶೇಕ್

ಸಂಪಾಜೆಯ ಮಗ್ಗುಲಲ್ಲಿ ಹರಿಯುವ ಹೊಳೆಗೆ ಪಯಸ್ವಿನಿ ಎಂದು ಹೆಸರು. ಸಂಸ್ಕೃತದ ‘ಪಯಸ್’ ಶಬ್ದಕ್ಕೆ ಹಾಲು, ನೀರು ಎಂಬ ಎರಡೂ ಅರ್ಥಗಳಿವೆ. ಮಿಲ್ಕ್‌ಶೇಕ್ ಮಾರುವ ಕೆಲವು ಅಂಗಡಿಗಳವರಿಗೂ ಇವೆರಡರ ನಡುವೆ ದೊಡ್ಡ ಭೇದವೇನೂ ಕಾಣುವುದಿಲ್ಲವಾದ್ದರಿಂದ, ಒಳ್ಳೆಯ ಮಿಲ್ಕ್‌ಶೇಕ್ ಎಲ್ಲಿ ಸಿಗುತ್ತದೆ ಎಂಬ ವಿಚಾರಣೆಯನ್ನು ಈ ಹೊಳೆಯ ದಂಡೆಯಿಂದಲೇ ಆರಂಭಿಸಬಹುದು. ಮಂಗಳೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿ ದಕ್ಷಿಣ ಕನ್ನಡವನ್ನು ಬಿಟ್ಟು ಕೊಡಗನ್ನು ಹೊಗುವುದು ಇಲ್ಲಿಯೇ. ಸಂಪಾಜೆ ಎಂಬ ಹೆಸರೂ ಎರಡು ಜಿಲ್ಲೆಗಳಿಗೆ ಹಂಚಿಹೋಗಿದೆ. ಕೆಳಗೆ ಅಡಿಕೆ ತೋಟ, ಮೇಲೆ ಕಾಫಿ ತೋಟ. ಲೋಟದೊಳಗಿನ ರುಚಿಯೂ ಈ ಗಡಿಯಲ್ಲಿ ಬದಲಾಗುತ್ತದೆ.

ಮಿಲ್ಕ್‌ಶೇಕ್ ಅಮೆರಿಕದ ಪಾನೀಯ. 1880ರ ದಶಕದಲ್ಲಿ ಆ ಹೆಸರು ಮೊದಲು ಅಚ್ಚಿನಲ್ಲಿ ಕಾಣಿಸಿಕೊಂಡಾಗ ಅದು ಹಾಲು, ಮೊಟ್ಟೆ, ವಿಸ್ಕಿಗಳನ್ನು ಕೂಡಿಸಿ ಕುಲುಕಿದ ಮದ್ಯವಾಗಿತ್ತು. ಮಕ್ಕಳ ಕೈಗೆ ಕೊಡುವ ವಸ್ತುವಲ್ಲ. ವಿಸ್ಕಿ ಹೋಗಿ ಚಾಕೊಲೇಟ್, ವೆನಿಲಾ ಪಾಕಗಳು ಬಂದದ್ದು ಶತಮಾನ ತಿರುಗುವ ಹೊತ್ತಿಗೆ. 1922ರಲ್ಲಿ ಷಿಕಾಗೋದ ವಾಲ್‌ಗ್ರೀನ್ಸ್ ಔಷಧಿ ಅಂಗಡಿಯ ಸೋಡಾ ಕೌಂಟರಿನಲ್ಲಿದ್ದ ಐವರ್ ಕೌಲ್ಸನ್ ಮಾಲ್ಟ್ ಬೆರೆಸಿದ ಹಾಲಿಗೆ ಐಸ್‌ಕ್ರೀಮನ್ನೂ ಹಾಕಿದ. ಅದೇ ವರ್ಷ ಸ್ಟೀಫನ್ ಪೊಪ್ಲಾವ್ಸ್ಕಿ ಜಾರಿನ ತಳದಲ್ಲಿ ತಿರುಗುವ ಅಲಗನ್ನು ಇಟ್ಟು ಯಂತ್ರವೊಂದನ್ನು ರೂಪಿಸಿದ. ನಮ್ಮ ಮಿಕ್ಸಿಗೆ ಅದು ಅಜ್ಜ.

ಹಾಗೆಂದು ಹಣ್ಣು–ಹಾಲುಗಳ ಸ್ನೇಹ ನಮಗೆ ಹೊಸದಲ್ಲ. ಒತ್ತು ಶ್ಯಾವಿಗೆಯ ಜೊತೆಗೆ ಬಡಿಸುವ ಬಾಳೆಹಣ್ಣಿನ ರಸಾಯನವನ್ನು ಕರಾವಳಿಯ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ಆದರೆ ಅಲ್ಲಿ ಬಳಸುವುದು ಹಸುವಿನ ಹಾಲನ್ನಲ್ಲ, ತೆಂಗಿನಕಾಯಿಯ ಹಾಲನ್ನು. ಹೀಗೇಕೆ ಎಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಒಂದು ಸುಳಿವಿದೆ. ಹುಳಿ ಪದಾರ್ಥಗಳನ್ನು ಹಾಲಿನೊಡನೆ ಸೇವಿಸುವುದು ವಿರುದ್ಧಾಹಾರ ಎನ್ನುತ್ತದೆ ಚರಕಸಂಹಿತೆ. ಇದನ್ನು ಹಳೆಯ ಕಾಲದ ಮಡಿವಂತಿಕೆ ಎಂದು ತಳ್ಳಿಹಾಕುವ ಮುನ್ನ ಕೊಡಗಿನ ಕಿತ್ತಳೆಯ ರಸವನ್ನು ಹಾಲಿಗೆ ಹಿಂಡಿ ನೋಡಬಹುದು. ಹಾಲು ಕಣ್ಣೆದುರೇ ಒಡೆಯುತ್ತದೆ. ಪ್ಯಾಷನ್ ಫ್ರೂಟಿನದೂ ಅದೇ ಪಾಡು. ಅನಾನಸಿನ ಕಥೆ ಇನ್ನೂ ಸ್ವಾರಸ್ಯದ್ದು. ಅದರಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಕತ್ತರಿಸುವುದರಿಂದ, ಅರ್ಧ ಗಂಟೆ ಇಟ್ಟ ಅನಾನಸ್ ಮಿಲ್ಕ್‌ಶೇಕ್ ಕಹಿಯಾಗುತ್ತದೆ. ಹಣ್ಣನ್ನು ಬೇಯಿಸಿದರೆ ಕಿಣ್ವ ಸಾಯುತ್ತದೆ, ಕಹಿಯೂ ಇಲ್ಲ. ಮಿಕ್ಸಿಗೆ ಹೇಳಿ ಮಾಡಿಸಿದ ಹಣ್ಣುಗಳೆಂದರೆ ಹುಳಿಯಿಲ್ಲದ, ತಿರುಳು ಹೆಚ್ಚಿರುವ ಬಾಳೆ, ಚಿಕ್ಕು, ಬೆಣ್ಣೆಹಣ್ಣು.

ಇನ್ನು ಹಾಲಿನ ಮಾತು. ಶುದ್ಧ ಹಾಲಿನಲ್ಲೂ ಶೇ. 87ರಷ್ಟು ನೀರೇ ಇರುತ್ತದೆ. ಟೋನ್ಡ್ ಹಾಲಿನಲ್ಲಿ ಶೇ. 3 ಕೊಬ್ಬು, ಪೂರ್ಣ ಕೆನೆಯ ಹಾಲಿನಲ್ಲಿ ಶೇ. 6. ಇದರ ಮೇಲೆ ಮಂಜುಗಡ್ಡೆ ಸುರಿದರೆ ಪಯಸ್ಸಿನ ಎರಡನೆಯ ಅರ್ಥವೇ ಗೆಲ್ಲುತ್ತದೆ. ಇದಕ್ಕೆ ಮಲಬಾರಿನವರು ಕಂಡುಕೊಂಡ ಪರಿಹಾರ ಬಲು ಸರಳ. ಹಾಲಿನ ಪ್ಯಾಕೆಟ್ಟನ್ನೇ ಫ್ರೀಜರಿನಲ್ಲಿ ಕಲ್ಲಾಗಿಸಿ, ಒಡೆದು, ಸಣ್ಣ ಬಾಳೆಹಣ್ಣು, ಸಕ್ಕರೆ, ಒಂದಿಷ್ಟು ಬೂಸ್ಟ್ ಜೊತೆ ತಿರುವುತ್ತಾರೆ. ತಂಪಿಗೂ ಮಂದಕ್ಕೂ ಹಾಲೇ ಸಾಕು, ಹೊರಗಿನ ನೀರು ಬೇಡ. ‘ಶಾರ್ಜಾ’ ಎಂಬ ಹೆಸರು ಹೊತ್ತ ಈ ಪಾನೀಯ ಕಾಸರಗೋಡಿನ ಕೂಲ್‌ಬಾರುಗಳಲ್ಲಿ ಮನೆಮಾತು. ಕೊಲ್ಲಿ ದೇಶಗಳಿಗೆ ದುಡಿಯಲು ಹೋದ ಊರುಗಳಲ್ಲಿ ಇಂಥ ಹೆಸರು ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಕಾಸರಗೋಡಿನಿಂದ ಮುಳ್ಳೇರಿಯ ಮೇಲಾಗಿ ಜಾಲ್ಸೂರಿಗೆ ಬರುವ ರಸ್ತೆ ಸುಳ್ಯದ ಸಮೀಪ ನಮ್ಮ ಹೆದ್ದಾರಿಯನ್ನು ಕೂಡುತ್ತದೆ.

ಮಂಗಳೂರಿನ ದಾರಿ ಬೇರೆ. ಅಲ್ಲಿ ಮಿಲ್ಕ್‌ಶೇಕ್ ಐಸ್‌ಕ್ರೀಮಿನ ತಮ್ಮ. 1975ರಲ್ಲಿ ಎಸ್. ಪ್ರಭಾಕರ ಕಾಮತರು ಆರಂಭಿಸಿದ ‘ಐಡಿಯಲ್’ ಆ ನಗರದ ನಾಲಿಗೆಯನ್ನೇ ತಿದ್ದಿತೆನ್ನಬೇಕು. ಐಸ್‌ಕ್ರೀಮ್ ಹಾಕಿದ ಮಿಲ್ಕ್‌ಶೇಕ್ ಬೇಕೆನ್ನುವವರು ಡಬ್ಬಿಯ ಮೇಲಿನ ಬರಹವನ್ನು ನೋಡುವುದು ಒಳ್ಳೆಯದು. ‘ಫ್ರೋಜನ್ ಡೆಸರ್ಟ್’ ಎಂದಿದ್ದರೆ ಅದರಲ್ಲಿ ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಕೊಬ್ಬು ಇರುತ್ತದೆ.

ಪುತ್ತೂರಿನಿಂದ ಸಂಪಾಜೆಯವರೆಗಿನ ಅಡಿಕೆ ತೋಟಗಳ ನೆರಳಲ್ಲಿ ಕೊಕ್ಕೋ ಗಿಡಗಳಿವೆ. ಚಾಕೊಲೇಟ್ ಮಿಲ್ಕ್‌ಶೇಕಿನ ಮೂಲ ಅದೇ. 1970ರ ದಶಕದಲ್ಲಿ, ಕೊಳ್ಳುವ ಕಂಪೆನಿಗಳನ್ನು ನಂಬಿ ರೈತರು ಈ ಬೆಳೆಗೆ ಮನಸ್ಸು ಮಾಡಿದರು. ದಶಕ ಮುಗಿಯುವ ಹೊತ್ತಿಗೆ ಧಾರಣೆ ಕುಸಿಯಿತು, ಕೊಳ್ಳುವವರು ಹಿಂದೆ ಸರಿದರು, ಗಿಡ ಕಡಿದವರೂ ಉಂಟು. ಅಡಿಕೆಗಾಗಿ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಹುಟ್ಟಿದ್ದ ಕ್ಯಾಂಪ್ಕೋ ಆಗ ಕೊಕ್ಕೋ ಖರೀದಿಗೂ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಸ್ವಂತ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಬೆಳೆದವರದೇ ಸಹಕಾರಿ ಸಂಸ್ಥೆ ಅದೇ ಊರಿನಲ್ಲಿ ಚಾಕೊಲೇಟನ್ನೂ ಮಾಡುವುದು ಸಣ್ಣ ಸಂಗತಿಯಲ್ಲ. ಹೀಗಿದ್ದೂ ಈ ದಾರಿಯ ಎಷ್ಟೋ ಅಂಗಡಿಗಳಲ್ಲಿ ಚಾಕೊಲೇಟ್ ಮಿಲ್ಕ್‌ಶೇಕ್ ಎಂದರೆ ದೂರದ ಊರಿನ ಬಾಟಲಿಯಿಂದ ಸುರಿದ ಕಂದು ಪಾಕ. ತೋಟದ ಬೇಲಿಯ ಪಕ್ಕದಲ್ಲೇ ನಿಂತು ಎಸೆನ್ಸ್ ಕುಡಿಯಬೇಕಾದ್ದು ನಮ್ಮ ಪಾಲಿಗೆ ಬಂದ ವಿಚಿತ್ರ.

ಸಂಪಾಜೆಯಿಂದ ಘಟ್ಟವೇರಿದರೆ ಹಾಲಿನದೇ ಒಂದು ಹಳೆಯ ನೆಂಟಸ್ತಿಕೆ ಎದುರಾಗುತ್ತದೆ. ಇಂದು ರಾಜ್ಯದಾದ್ಯಂತ ‘ನಂದಿನಿ’ ಎಂದು ಕರೆಸಿಕೊಳ್ಳುವ ಸಹಕಾರಿ ಹೈನುಗಾರಿಕೆಯ ಬೇರು ಇರುವುದು ಕೊಡಗಿನ ಕೂಡಿಗೆಯಲ್ಲಿ. 1955ರಲ್ಲಿ ಅಲ್ಲಿ ಡೇರಿ ಶುರುವಾದಾಗ ಕೊಡಗು ಇನ್ನೂ ಪ್ರತ್ಯೇಕ ರಾಜ್ಯ; ಮೈಸೂರಿನೊಡನೆ ಕೂಡಿದ್ದು ಮರುವರ್ಷ.

ಹಣ್ಣಿಗೂ ಕೊಡಗಿನಲ್ಲಿ ಕೊರತೆಯಿಲ್ಲ. ಕಾಫಿ ತೋಟಗಳ ನಡುವೆ ಬೆಳೆಯುವ ಬೆಣ್ಣೆಹಣ್ಣು, ಅಂಗಡಿಯವರ ಬಾಯಲ್ಲಿ ಬಟರ್ ಫ್ರೂಟ್, ಮಧ್ಯ ಅಮೆರಿಕದ ಕಡೆಯ ಮರ. ಒಂದು ಕಾಲಕ್ಕೆ ಇದು ಕೇಳುವವರಿಲ್ಲದೆ ಬುಡದಲ್ಲೇ ಉದುರಿ ಕೊಳೆಯುತ್ತಿತ್ತು. ಈಗ ಬೆಲೆಯುಳ್ಳ ಬೆಳೆಯೆನಿಸಿ, ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ ಇದರ ತಳಿಗಳ ಮೇಲೆ ಕೆಲಸ ನಡೆಸಿದೆ. ಹಣ್ಣಿನಲ್ಲೇ ಧಾರಾಳ ಕೊಬ್ಬಿರುವುದರಿಂದ ಟೋನ್ಡ್ ಹಾಲಿನಲ್ಲಿ ತಿರುವಿದರೂ ಮಿಲ್ಕ್‌ಶೇಕ್ ಮಂದವಾಗಿ ಬರುತ್ತದೆ, ಐಸ್‌ಕ್ರೀಮಿನ ಊರುಗೋಲು ಬೇಕಾಗದು. ಒಂದೇ ತೊಡಕೆಂದರೆ, ಕತ್ತರಿಸಿದ ಹಣ್ಣು ಗಾಳಿ ತಾಗಿ ಕಂದಾಗುತ್ತದೆ. ಆದ್ದರಿಂದ ಗಿರಾಕಿ ಬಂದ ಮೇಲೆ ಹಣ್ಣು ಸೀಳುವ ಅಂಗಡಿಯನ್ನು ನಂಬಬಹುದು, ಬೆಳಿಗ್ಗೆಯೇ ತಿರುಳು ತೆಗೆದು ಡಬ್ಬಿ ತುಂಬಿಟ್ಟವರನ್ನು ದಾಟಿ ಮುಂದೆ ಹೋಗಬಹುದು. ಬಾಳೆ, ಚಿಕ್ಕುಗಳ ಅಂಗಡಿಗೂ ಇದೇ ಪರೀಕ್ಷೆ: ಎದುರಿಗೆ ಹಣ್ಣು ಕಾಣಬೇಕು.

ಆದರೆ ಬೆಣ್ಣೆಹಣ್ಣು ಕೊಡಗಿನಲ್ಲಿ ಹೆಚ್ಚಾಗಿ ಕೈಗೆ ಬರುವುದು ಜಡಿಮಳೆಯ ತಿಂಗಳುಗಳಲ್ಲಿ. ಕಂಬಳಿ ಹೊದ್ದು ಬಿಸಿ ಕಾಫಿ ಹುಡುಕುವ ಆ ದಿನಗಳಲ್ಲಿ ಮಡಿಕೇರಿಯ ಪೇಟೆಯಲ್ಲಿ ತಣ್ಣಗಿನ ಲೋಟ ಕೇಳುವವರು ಯಾರು? ಹಣ್ಣು ಲಾರಿ ಹತ್ತುತ್ತದೆ. ಕೊಡಗಿನ ಬೆಣ್ಣೆಹಣ್ಣಿನ ಮಿಲ್ಕ್‌ಶೇಕನ್ನು ಹೆಚ್ಚಾಗಿ ಕುಡಿದವರು ಬೆಂಗಳೂರಿನ ಜ್ಯೂಸ್ ಅಂಗಡಿಗಳ ಮುಂದೆ ನಿಲ್ಲುವವರು.