ಸ್ವಭಾವಭೇದ ಮತ್ತು ಆತ್ಮಪರಿಶೀಲನೆ

ಮಾನವಸ್ವಭಾವವನ್ನು ವಿಂಗಡಿಸಿ ಅರಿಯುವ ಯತ್ನ ಪ್ರಾಚೀನವಾದುದು. ಭಗವದ್ಗೀತೆಯ 14ನೆಯ ಅಧ್ಯಾಯವು ಸತ್ತ್ವ, ರಜಸ್ಸು, ತಮಸ್ಸುಗಳನ್ನು ವಿವರಿಸಿ, ಅವು ಒಬ್ಬನಲ್ಲಿಯೇ ಒಂದನ್ನೊಂದು ಮೆಟ್ಟಿ ಮೇಲೇಳುವುವೆಂದು ತಿಳಿಸುತ್ತದೆ. ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್ 1921ರ ತಮ್ಮ ಗ್ರಂಥದಲ್ಲಿ ಅಂತರ್ಮುಖಿ, ಬಹಿರ್ಮುಖಿ ಎಂಬ ಭೇದವನ್ನು ನಿರೂಪಿಸಿದರು. ಅದನ್ನಾಧರಿಸಿ ಅಮೆರಿಕದಲ್ಲಿ 16 ಬಗೆಗಳ ಪ್ರಶ್ನಾವಳಿ ರೂಪುಗೊಂಡಿತು. ಶರಣರ ಷಟ್‌ಸ್ಥಲವಾದರೋ ಏರಬೇಕಾದ ಮೆಟ್ಟಿಲುಗಳನ್ನು ತೋರುತ್ತದೆ: ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ.

ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡಿನ ಗುಣ ನೋಡಿ ಬೆಲೆ ಕಟ್ಟುವರು. ಕಟ್ಟಿ ಮುಗಿದ ಗೂಡು ಮತ್ತೆ ಬದಲಾಗದು. ವಿದ್ಯಾರ್ಥಿಯಾದರೋ ಇನ್ನೂ ನೂಲುತ್ತಿರುವ ಹುಳು. 'ಇವನು ಮಂದ'ನೆಂದು ಉಪಾಧ್ಯಾಯರು ಒಮ್ಮೆ ಇಟ್ಟ ಹೆಸರು ಅವನ ಬೆಳವಣಿಗೆಗೆ ತಡೆಯಾದೀತು. ಆದ್ದರಿಂದ ಇಂಥ ವಿಂಗಡಣೆಯಿಂದ ಪ್ರತಿಯೊಬ್ಬನೂ ಮೊದಲು ತನ್ನನ್ನು ಅಳೆದುಕೊಳ್ಳುವುದೇ ಯುಕ್ತ.