ರುಚಿ ಗೊತ್ತಾಗದವರು ಹೇಳಿಕೊಟ್ಟ ರುಚಿ

ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಹಣ್ಣಿನ ಸಾಲಿನಲ್ಲಿ ಮಧ್ಯಾಹ್ನ ನಿಂತು ನೋಡಿ. ಕಳಿತ ಪಪ್ಪಾಯಿಯ ಮೇಲೆ ಸಾಸಿವೆ ಕಾಳಿನಷ್ಟೇ ದೊಡ್ಡ ನೊಣಗಳು ಎದ್ದು ಕೂರುತ್ತಿರುತ್ತವೆ. ವ್ಯಾಪಾರಿ ಬಟ್ಟೆ ಬೀಸಿದರೆ ಗೇಣುದ್ದ ಹಾರಿ ಮತ್ತೆ ಅಲ್ಲಿಗೇ ಬರುತ್ತವೆ. ಈ ಹಣ್ಣಿನ ನೊಣ ಬಾಯಿ ಹಾಕುವ ಮೊದಲೇ ಕಾಲಿನಿಂದ ರುಚಿ ನೋಡಿರುತ್ತದೆ. ಕಾಲಿನ ರೋಮಕ್ಕೆ ಸಕ್ಕರೆ ತಾಗಿತೋ, ಮಡಚಿಟ್ಟ ಸೊಂಡಿಲು ತಾನಾಗಿ ಚಾಚಿಕೊಳ್ಳುತ್ತದೆ. ಅಲ್ಲಿಂದ ಮೀನಿನ ಕಡೆಗೆ ಬಂದರೆ ಬೆಕ್ಕುಗಳು. ಮೀನಿನ ತಲೆಗಾಗಿ ಗಂಟೆಗಟ್ಟಲೆ ಕಾಯುವ ಅವು ಜಿಲೇಬಿ ಕೆಳಗೆ ಬಿದ್ದರೆ ತಿರುಗಿಯೂ ನೋಡುವುದಿಲ್ಲ.

ನಾಲಿಗೆಯ ಒಳಗೆ ಏನು ನಡೆಯುತ್ತದೆ ಎಂಬುದು ನಮಗೆ ತಿಳಿದ ದಾರಿಯಲ್ಲಿ ಈ ನೊಣಕ್ಕೂ ಬೆಕ್ಕಿಗೂ ಜಾಗವಿದೆ. ನನ್ನ ಮಟ್ಟಿಗೆ ಆ ದಾರಿ ಶುರುವಾದದ್ದು ಬಿಎಸ್ಸಿ ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್ ತರಗತಿಯಲ್ಲಿ. ಮೇಷ್ಟ್ರು ಒಬ್ಬೊಬ್ಬರ ಕೈಗೂ ಬಿಳಿ ಕಾಗದದ ಪಟ್ಟಿ ಕೊಟ್ಟು ನಾಲಿಗೆ ಮೇಲೆ ಇಟ್ಟುಕೊಳ್ಳಿ ಎಂದರು. ಅರ್ಧಕ್ಕಿಂತ ಹೆಚ್ಚು ಜನ ಮುಖ ಕಿವಿಚಿ ನಲ್ಲಿಯತ್ತ ಓಡಿದರು. ನನಗೆ ಅದು ಬರೀ ಕಾಗದ. ಪಿಟಿಸಿ, ಅಂದರೆ ಫಿನೈಲ್‌ಥಯೋಕಾರ್ಬಮೈಡ್ ಸವರಿದ ಕಾಗದ ಅದು.

ಇದರ ಮೊದಲ ಕತೆ 1931ರದು. ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞ ಈ ಪುಡಿಯನ್ನು ಬಾಟಲಿಗೆ ಸುರಿಯುತ್ತಿದ್ದಾಗ ಒಂದಿಷ್ಟು ಗಾಳಿಗೆ ಹಾರಿತು. ಪಕ್ಕದಲ್ಲಿದ್ದ ಸಹೋದ್ಯೋಗಿ ಬಾಯೆಲ್ಲ ಕಹಿ ಎಂದು ದೂರಿದ. ಹೆಚ್ಚು ಪುಡಿ ಉಸಿರಾಡಿದ ಫಾಕ್ಸ್‌ಗೆ ಏನೂ ಅನಿಸಿರಲಿಲ್ಲ. ಇಬ್ಬರೂ ಪುಡಿಯನ್ನು ನೆಕ್ಕಿ ನೋಡಿದರು, ವ್ಯತ್ಯಾಸ ನಿಜವೇ. ಇದು ವಂಶದಲ್ಲಿ ಇಳಿದು ಬರುವ ಗುಣ ಎಂಬುದು ಬಹುಬೇಗ ಸ್ಪಷ್ಟವಾಯಿತು. ಡಿಎನ್ಎ ಪರೀಕ್ಷೆ ಬರುವ ಮುಂಚೆ ತಂದೆ ಯಾರೆಂಬ ವಿವಾದಗಳಲ್ಲೂ ಈ ಕಹಿಯನ್ನು ಬಳಸಿದ್ದುಂಟು. ಆದರೆ ನಾಲಿಗೆಯಲ್ಲಿ ಇರುವುದೇನು, ಇಲ್ಲದಿರುವುದೇನು ಎಂಬ ಪ್ರಶ್ನೆ ಎಪ್ಪತ್ತು ವರ್ಷ ಹಾಗೇ ಉಳಿಯಿತು.

ಆ ನಡುವಿನ ಕಾಲದ ಒಂದು ಅಧ್ಯಾಯ ನಮ್ಮದು. ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂಬುದು ನನ್ನ ಸಂಕಟ. ಉತ್ತರ ಪ್ರದೇಶದ ಬಸ್ತಿಯಲ್ಲಿ ಹುಟ್ಟಿದ ಒಬೈದ್ ಸಿದ್ದಿಕಿ 1962ರಲ್ಲಿ ಹೋಮಿ ಭಾಭಾ ಅವರ ಆಹ್ವಾನದ ಮೇಲೆ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣುಜೀವಶಾಸ್ತ್ರದ ಘಟಕ ಕಟ್ಟಿದರು. ಎಪ್ಪತ್ತರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಸೆಮೋರ್ ಬೆಂಜರ್ ಜೊತೆ ಕೆಲಸ ಮಾಡಿ ಹಣ್ಣಿನ ನೊಣದ ನರಮಂಡಲದ ಬೆನ್ನು ಹತ್ತಿದರು. ಕೀನ್ಯಾದಲ್ಲಿ ನೆಲೆಸಿದ್ದ ಗೋವಾ ಮೂಲದ ಕುಟುಂಬದಲ್ಲಿ ಹುಟ್ಟಿ, ಡಬ್ಲಿನ್‌ನಲ್ಲಿ ಓದಿದ ವೆರೋನಿಕಾ ರಾಡ್ರಿಗ್ಸ್ ಸಿದ್ದಿಕಿಯವರ ವಿದ್ಯಾರ್ಥಿನಿಯಾಗಿ ಬಂದರು. ಇಬ್ಬರೂ ಕೈಗೆತ್ತಿಕೊಂಡ ಪ್ರಶ್ನೆ ಕೇಳಲು ಸರಳ: ಒಂದೊಂದೇ ಜೀನು ಕೆಟ್ಟರೆ ನೊಣಕ್ಕೆ ಯಾವ ರುಚಿ ತಪ್ಪಿಹೋಗುತ್ತದೆ?

ಉತ್ತರ ಹುಡುಕುವುದು ಸರಳವಿರಲಿಲ್ಲ. ನೊಣವನ್ನು ರುಚಿ ಹೇಗಿದೆ ಎಂದು ಕೇಳಲಾಗದು. ಅದು ಎತ್ತ ಹೋಯಿತು, ಏನು ತಿಂದಿತು, ಸೊಂಡಿಲು ಚಾಚಿತೋ ಇಲ್ಲವೋ ಎಂಬುದರಿಂದಲೇ ತಿಳಿಯಬೇಕು. ನೊಣದ ಪ್ರಯೋಗಾಲಯಗಳಲ್ಲಿ ಇದಕ್ಕೊಂದು ಸೊಗಸಾದ ಉಪಾಯವಿದೆ. ಸಿಹಿಗೆ ಬಣ್ಣ ಬೆರೆಸಿಟ್ಟರೆ ಸಾಕು, ತಿಂದ ನೊಣದ ಹೊಟ್ಟೆಯ ತೆಳು ಚರ್ಮದಿಂದ ಆ ಬಣ್ಣ ಹೊರಗೆ ಕಾಣುತ್ತದೆ. ಹೀಗೆ ಸಾವಿರಾರು ನೊಣಗಳ ನಡುವೆ ರುಚಿ ತಪ್ಪಿದ ಒಂದನ್ನು ಹೆಕ್ಕಬೇಕು, ಅದರ ಸಂತತಿ ಬೆಳೆಸಬೇಕು, ಒಂದೊಂದು ರೋಮದ ನರಕೋಶಕ್ಕೂ ವಿದ್ಯುತ್ ತಂತಿ ತಾಗಿಸಿ ಅಳೆಯಬೇಕು. 1978ರಲ್ಲಿ ಇವರ ಪ್ರಬಂಧ ಹೊರಬಂದದ್ದು ನಮ್ಮ ಬೆಂಗಳೂರಿನಲ್ಲೇ ಇರುವ ಭಾರತೀಯ ವಿಜ್ಞಾನಗಳ ಅಕಾಡೆಮಿಯ ಪತ್ರಿಕೆಯಲ್ಲಿ. 1981ರಲ್ಲಿ ಇನ್ನೊಂದು: ಗ್ಲೂಕೋಸಿನ ಬಗೆಯ ಪೈರನೋಸ್ ಸಕ್ಕರೆಗಳ ಗ್ರಾಹಕದಲ್ಲೇ, ಅಂದರೆ ಆ ರುಚಿಯನ್ನು ಹಿಡಿಯುವ ರಿಸೆಪ್ಟರ್‌ನಲ್ಲೇ, ದೋಷವಿದ್ದ ನೊಣ. ಸಿಹಿ ಎಂಬುದಕ್ಕೆ ಒಂದೇ ಬಾಗಿಲಲ್ಲ, ಬಗೆಬಗೆಯ ಸಕ್ಕರೆಗೆ ಬೇರೆ ಬೇರೆ ಬಾಗಿಲುಗಳಿವೆ, ಪ್ರತಿ ಬಾಗಿಲ ಕೀಲಿಯೂ ಜೀನಿನಲ್ಲಿದೆ ಎಂಬ ಸುಳಿವು ಅದು.

ರುಚಿಗ್ರಾಹಕದ ಒಂದು ಜೀನನ್ನೂ ಯಾರೂ ಕಂಡಿರದ ಕಾಲದ ಮಾತಿದು. ನೊಣದ ರುಚಿಗ್ರಾಹಕ ಜೀನುಗಳ ಕುಟುಂಬ ಕೈಗೆ ಸಿಕ್ಕಿದ್ದು 2000ದಲ್ಲಿ, ಜಾನ್ ಕಾರ್ಲ್‌ಸನ್ ತಂಡಕ್ಕೆ. ಒಂದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು: ನೊಣದ ಗ್ರಾಹಕಗಳಿಗೂ ನಮ್ಮ ಸಿಹಿ ಕಹಿ ಗ್ರಾಹಕಗಳಿಗೂ ರಕ್ತಸಂಬಂಧವಿಲ್ಲ, ರಚನೆಯೇ ಬೇರೆ. ಇಬ್ಬರಲ್ಲೂ ಒಂದೇ ಆಗಿದ್ದದ್ದು ಹುಡುಕುವ ರೀತಿ. ಯಾರಿಗೆ ಗೊತ್ತಾಗುವುದಿಲ್ಲವೋ ಅವರನ್ನು ಹಿಡಿದುಕೊಂಡರೆ, ಗೊತ್ತಾಗುವವರಲ್ಲಿ ಏನಿದೆ ಎಂಬುದು ಸಿಗುತ್ತದೆ.

ಮನುಷ್ಯನ ನಾಲಿಗೆಯ ಗುಟ್ಟೂ ಹಾಗೇ ಬಿಚ್ಚಿಕೊಂಡಿತು. 1999ರಲ್ಲಿ ಚಾರ್ಲ್ಸ್ ಜುಕರ್ ಮತ್ತು ನಿಕೊಲಸ್ ರೈಬಾ ತಂಡಗಳು ಟಿ1ಆರ್ ಎಂಬ ಗ್ರಾಹಕಗಳ ಮೊದಲ ಜೋಡಿಯನ್ನು ಗುರುತಿಸಿದವು; ಮರುವರ್ಷವೇ ಕಹಿಯ ಟಿ2ಆರ್ ಕುಟುಂಬ. ಸ್ಯಾಕರಿನ್ನಿನ ಸಿಹಿಗೆ ಅಷ್ಟಾಗಿ ಸೋಲದ ಇಲಿ ತಳಿಗಳಿದ್ದವು. ಅವುಗಳಲ್ಲಿ ವ್ಯತ್ಯಾಸ ಟಿ1ಆರ್3 ಎಂಬ ಜೀನಿನದು ಎಂದು 2001ರಲ್ಲಿ ಹಲವು ತಂಡಗಳು ಒಟ್ಟೊಟ್ಟಿಗೆ ಕಂಡುಕೊಂಡವು. ಟಿ1ಆರ್2 ಮತ್ತು ಟಿ1ಆರ್3 ಸೇರಿದರೆ ಸಿಹಿಯ ಗ್ರಾಹಕ. ಮಾರ್ಕೆಟ್ಟಿನ ಬೆಕ್ಕಿಗೆ ಜಿಲೇಬಿ ಬೇಡವಾದ ಕಾರಣವೂ ಇಲ್ಲಿದೆ. ಅದರ ಟಿ1ಆರ್2 ಜೀನಿನಲ್ಲಿ 247 ಅಕ್ಷರಗಳು ಕಳೆದುಹೋಗಿ ಜೀನು ಸತ್ತಿದೆ ಎಂದು 2005ರಲ್ಲಿ ಗೊತ್ತಾಯಿತು. ಬೆಕ್ಕಿಗೆ ಸಿಹಿ ಎಂಬುದೇ ಇಲ್ಲ.

ಟಿ1ಆರ್3 ಇನ್ನೊಂದು ಜೊತೆಗಾರನನ್ನು, ಟಿ1ಆರ್1 ಅನ್ನು, ಕೂಡಿಕೊಂಡರೆ ಉಮಾಮಿಯ ಗ್ರಾಹಕ. 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಕಡಲಪಾಚಿಯ ಸಾರಿನಲ್ಲಿ ಕಂಡ ರುಚಿ ಅದು. ಗ್ಲುಟಮೇಟ್ ಅದರ ಮೂಲ. ನಮ್ಮ ಷಡ್ರಸಗಳಲ್ಲಿ ಅದಕ್ಕೆ ಹೆಸರಿಲ್ಲ. ಆದರೆ ಶಿವಾಜಿನಗರದಲ್ಲಿ ಬೆಳಗಿನ ಜಾವ ಪಾಯ ಕುಡಿದವರಿಗೆ, ಟೊಮೆಟೊ ಹಾಕಿ ಬೇಯಿಸಿದ ಖೀಮಾ ತಿಂದವರಿಗೆ ಅದು ಚೆನ್ನಾಗಿ ಗೊತ್ತು. ಟೊಮೆಟೊದಲ್ಲಿ ಗ್ಲುಟಮೇಟ್, ಮಾಂಸದಲ್ಲಿ ಇನೊಸಿನೇಟ್. ಎರಡೂ ಸೇರಿದರೆ ಗ್ರಾಹಕದ ಸ್ಪಂದನ ಹಲವು ಪಟ್ಟು ಏರುತ್ತದೆ. ಒಗ್ಗರಣೆಯ ಮೆಣಸಿನಕಾಯಿಯ ಕಾರದ್ದು ಬೇರೆಯೇ ದಾರಿ. ಅದು ಬಿಸಿ ಮತ್ತು ನೋವನ್ನು ತಿಳಿಸುವ ನರದ ಟಿಆರ್‌ಪಿವಿ1 ಎಂಬ ಬಾಗಿಲನ್ನು ತಟ್ಟುತ್ತದೆ. ಡೇವಿಡ್ ಜೂಲಿಯಸ್ 1997ರಲ್ಲಿ ಅದನ್ನು ಕಂಡುಹಿಡಿದು 2021ರಲ್ಲಿ ನೊಬೆಲ್ ಪಡೆದರು.

ನನ್ನನ್ನು ಹೆಚ್ಚು ಕಾಡಿದ ಪ್ರಯೋಗ 2005ರದು. ಕಹಿಯ ಒಂದು ಗ್ರಾಹಕವನ್ನು ಇಲಿಯ ನಾಲಿಗೆಯ ಸಿಹಿಕೋಶಗಳಲ್ಲಿ ಮೂಡುವಂತೆ ಮಾಡಿದರು. ಆ ಇಲಿಗಳು ಆ ಕಹಿ ವಸ್ತುವನ್ನು ಸಿಹಿಯೆಂಬಂತೆ ಮೇಲೆ ಬಿದ್ದು ಕುಡಿದವು. ವಸ್ತುವಿನಲ್ಲಿ ಕಹಿ ಇರಲಿಲ್ಲ. ಯಾವ ಕೋಶ ಮಿದುಳಿಗೆ ಸುದ್ದಿ ಮುಟ್ಟಿಸಿತು ಎಂಬುದರಲ್ಲಿತ್ತು.

ಫಾಕ್ಸ್ ಕಂಡ ವ್ಯತ್ಯಾಸಕ್ಕೆ ಉತ್ತರ 2003ರಲ್ಲಿ ಬಂತು. ಏಳನೇ ವರ್ಣತಂತುವಿನ ಟಿಎಎಸ್2ಆರ್38 ಜೀನು. ಅದು ಕಟ್ಟುವ ಪ್ರೋಟೀನಿನಲ್ಲಿ ಮೂರೇ ಮೂರು ಅಮೈನೊ ಆಮ್ಲಗಳು ಬೇರೆಯಾದರೆ ಪಿಟಿಸಿ ಬರೀ ಕಾಗದವಾಗುತ್ತದೆ. ನಮ್ಮಲ್ಲಿ ಕಹಿಗೆ ಸುಮಾರು 25 ಗ್ರಾಹಕಗಳಿವೆ, ಹಾಗಾಗಿ ನನಗೂ ಹಾಗಲಕಾಯಿ ಕಹಿಯೇ. ಆದರೆ ಪಿಟಿಸಿಯ ಹತ್ತಿರದ ಸಂಬಂಧಿಗಳು ಎಲೆಕೋಸು, ನವಿಲುಕೋಸಿನ ಕುಲದ ತರಕಾರಿಗಳಲ್ಲಿವೆ.

ಸಿದ್ದಿಕಿ ತೊಂಬತ್ತರ ದಶಕದಲ್ಲಿ ಬೆಂಗಳೂರಿಗೆ ಬಂದು, ಈಗ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದರು. ರಾಡ್ರಿಗ್ಸ್ ಕೂಡ ಕೊನೆಯ ವರ್ಷಗಳಲ್ಲಿ ಅಲ್ಲಿಗೇ ಬಂದರು. ಅವರು 2010ರಲ್ಲಿ, ಗುರುಗಳು 2013ರಲ್ಲಿ ತೀರಿಕೊಂಡರು.

ಆ ಪ್ರಾಕ್ಟಿಕಲ್ ದಿನ ನಾನು ಉಳಿದ ಮೂರು ಪಟ್ಟಿ ಮನೆಗೆ ತಂದಿದ್ದೆ. ಆಗ ನಮ್ಮ ಮನೆಗೆ ವಾರದ ತರಕಾರಿ ರಸೆಲ್ ಮಾರ್ಕೆಟ್ಟಿನದು, ನವಿಲುಕೋಸು ತಪ್ಪುತ್ತಿರಲಿಲ್ಲ. ತಂಗಿ ಅದನ್ನು ತಟ್ಟೆಯ ಅಂಚಿಗೆ ತಳ್ಳಿ ದಿನವೂ ಬೈಸಿಕೊಳ್ಳುತ್ತಿದ್ದಳು. ಅಮ್ಮ ಕಾಗದ ನೆಕ್ಕಿ ಏನೂ ಇಲ್ಲವಲ್ಲೋ ಎಂದರು. ತಂಗಿ ಥೂ ಎಂದು ಉಗಿದಳು. ತರಕಾರಿಯ ಇಷ್ಟಾನಿಷ್ಟವನ್ನೆಲ್ಲ ಒಂದು ಜೀನಿನ ತಲೆಗೆ ಕಟ್ಟಲಾಗದು, ನಿಜ. ಆದರೂ ಅಮ್ಮ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಮೂರನೆಯ ಪಟ್ಟಿ ಅಪ್ಪನಿಗೆ. ನಾಲಿಗೆಗೆ ಇಟ್ಟವರೇ ಎದ್ದು ಬಚ್ಚಲಿಗೆ ಹೋದರು, ತುಂಬಾ ಹೊತ್ತು ಬಾಯಿ ಮುಕ್ಕಳಿಸಿದರು.

“ನಿಮಗೂ ಕಹಿಯಾ? ಇಷ್ಟು ವರ್ಷ ನವಿಲುಕೋಸು ತಿಂದ್ರಲ್ಲ, ಒಂದು ಮಾತೂ ಹೇಳಲಿಲ್ಲವಲ್ರೀ” ಅಂದರು ಅಮ್ಮ.

“ನೀನು ಇಷ್ಟಪಟ್ಟು ಮಾಡ್ತಿದ್ದೆ” ಎಂದರು ಅಪ್ಪ, ಟವೆಲಿನಿಂದ ಬಾಯಿ ಒರೆಸಿಕೊಳ್ಳುತ್ತ.