ಇಆರ್‌ಪಿ ಅಂದ್ರೆ ಅಟೆಂಡೆನ್ಸ್ ಪೋರ್ಟಲ್ ಅಷ್ಟೇನಾ?

ನಮ್ಮ ಕ್ಯಾಂಪಸ್‌ನಲ್ಲಿ ಯಾರನ್ನಾದರೂ ನಿಲ್ಲಿಸಿ ಇಆರ್‌ಪಿ ಅಂದ್ರೆ ಏನು ಅಂತ ಕೇಳಿ. "ಅಟೆಂಡೆನ್ಸ್ ನೋಡೋದು, ಇಂಟರ್ನಲ್ಸ್ ಮಾರ್ಕ್ಸ್ ನೋಡೋದು, ಫೀ ಕಟ್ಟೋ ದಿನ ಹ್ಯಾಂಗ್ ಆಗೋದು" ಅಂತಾರೆ. ತಪ್ಪೇನಿಲ್ಲ. ಆದರೆ ಪ್ಲೇಸ್‌ಮೆಂಟ್ ಸೀಸನ್ ಬಂದಾಗ ಇದೇ ಮೂರಕ್ಷರ ಬೇರೆ ಮುಖ ತೋರಿಸತ್ತೆ. ನಮ್ಮ ಸೀನಿಯರ್‌ಗಳಲ್ಲಿ ಹಲವರು, ಮೆಕ್ಯಾನಿಕಲ್ ಬ್ರಾಂಚಿನವರೂ ಸೇರಿ, ಹೋಗಿ ಕೂತಿರೋದು ಸ್ಯಾಪ್ ಅಥವಾ ಒರಾಕಲ್ ಪ್ರಾಜೆಕ್ಟ್‌ಗಳಲ್ಲಿ. ಕೋಡಿಂಗ್ ಕಡಿಮೆ, ಮೀಟಿಂಗ್ ಜಾಸ್ತಿ ಅನ್ನೋದು ಅವರ ದೂರು. ಆ ಮೀಟಿಂಗ್‌ಗಳಲ್ಲಿ ನಡೆಯೋದಾದರೂ ಏನು? ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರನ್ನ ಹಾಕಿಕೊಳ್ಳೋಕೆ ದೊಡ್ಡ ಸಂಸ್ಥೆಗಳಿಗೆ ವರ್ಷಗಟ್ಟಲೆ ಯಾಕೆ ಬೇಕು? ಇದನ್ನ ಕನ್ನಡದಲ್ಲಿ ಬರೆಯೋಣ ಅಂತ ಸಂಘದ ನಾವು ಮೂರು ಜನ ಕೂತ್ವಿ.

ಮಾರೇನಹಳ್ಳಿಯಿಂದ ಮಾಗಡಿ ರೋಡ್ ಹಿಡಿದು ಕಾಮಾಕ್ಷಿಪಾಳ್ಯದ ಕಡೆ ಹೋದರೆ ಬೀದಿ ತುಂಬ ಸಣ್ಣ ವರ್ಕ್‌ಶಾಪ್‌ಗಳು. ಲೇತ್, ಪ್ಲೇಟಿಂಗ್, ಪೌಡರ್ ಕೋಟಿಂಗ್. ಅಲ್ಲಿ ಡೇಟಾಬೇಸ್ ಅಂದ್ರೆ ಓನರ್ ತಲೆ, ಜೊತೆಗೆ ಟ್ಯಾಲಿ. ಟ್ಯಾಲಿ ನಮ್ಮೂರಿನದೇ ಸಾಫ್ಟ್‌ವೇರ್. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಶುರು ಮಾಡಿದ ಕಂಪನಿಯದು. ಆಡಿಟರ್ ಆಫೀಸಿನ ಹುಡುಗ ಬಂದು ಒಂದು ಸಂಜೆಯಲ್ಲಿ ಹಾಕಿಕೊಟ್ಟು, ಕಾಫಿ ಕುಡಿದು ಹೋಗ್ತಾನೆ. ಕೆಲಸ ಮುಗೀತು.

ಈಗ ಇದೇ ಜಾಗದಲ್ಲಿ ಮೂರು ಸಾವಿರ ಜನ ಕೆಲಸ ಮಾಡೋ ಪಂಪ್ ಕಾರ್ಖಾನೆಯನ್ನ ಊಹಿಸಿಕೊಳ್ಳಿ. ಸೇಲ್ಸ್‌ನವರು 500 ಪಂಪ್ ಆರ್ಡರ್ ಹಿಡಿದು ತರ್ತಾರೆ. ಪ್ರೊಡಕ್ಷನ್‌ನವರ ಎಕ್ಸೆಲ್ ಶೀಟ್‌ನಲ್ಲಿ ಬೇರಿಂಗ್ ಇದೆ ಅಂತಿದೆ, ಸ್ಟೋರ್ಸ್ ರಿಜಿಸ್ಟರ್‌ನಲ್ಲಿ ಇಲ್ಲ ಅಂತಿದೆ. ಪರ್ಚೇಸ್‌ನವರು ನಿನ್ನೆಯೇ ಆರ್ಡರ್ ಹಾಕಿದ್ದಾರೆ, ಅದು ಅಕೌಂಟ್ಸ್‌ಗೆ ಗೊತ್ತಿಲ್ಲ. ಎಲ್ಲರ ಹತ್ತಿರಾನೂ ಲೆಕ್ಕ ಇದೆ, ಯಾರ ಲೆಕ್ಕಾನೂ ಇನ್ನೊಬ್ಬರದ್ದಕ್ಕೆ ಹೊಂದಲ್ಲ. ಇಆರ್‌ಪಿ ಹೇಳೋದು ಇಷ್ಟೇ: ಎಲ್ಲರಿಗೂ ಒಂದೇ ಡೇಟಾಬೇಸ್, ಒಂದು ಘಟನೆಗೆ ಒಂದೇ ಸಲ ಎಂಟ್ರಿ. ಲಾರಿಯಿಂದ ಬೇರಿಂಗ್ ಇಳಿಸಿ ಸ್ಟೋರ್ಸ್‌ನವರು ಎಂಟ್ರಿ ಹಾಕಿದ ಕ್ಷಣಕ್ಕೆ ಸ್ಟಾಕ್ ಏರತ್ತೆ, ಸಪ್ಲೈಯರ್‌ಗೆ ಇಷ್ಟು ದುಡ್ಡು ಕೊಡಬೇಕು ಅನ್ನೋದು ಅಕೌಂಟ್ಸ್‌ನಲ್ಲಿ ಬೀಳತ್ತೆ. ನಾವು ಆರ್ಡರ್ ಮಾಡಿದ್ದು, ಗೇಟಿಗೆ ಬಂದದ್ದು, ಸಪ್ಲೈಯರ್ ಬಿಲ್ ಹಾಕಿದ್ದು, ಈ ಮೂರೂ ತಾಳೆಯಾದರೆ ಮಾತ್ರ ಪೇಮೆಂಟ್.

ಈ ಯೋಚನೆಯನ್ನ ರೆಡಿಮೇಡ್ ಸರಕಾಗಿ ಮಾರಿ ಗೆದ್ದವರಲ್ಲಿ ಮೊದಲಿಗರು ಜರ್ಮನಿಯ ಸ್ಯಾಪ್. 1972ರಲ್ಲಿ ಐಬಿಎಂ ಬಿಟ್ಟು ಬಂದ ಐದು ಇಂಜಿನಿಯರ್‌ಗಳು ಕಟ್ಟಿದ್ದು. ಅವರ ಆರ್/3 ಅನ್ನೋ ಪ್ಯಾಕೇಜ್ 1992ರಲ್ಲಿ ಬಂದಮೇಲೆ ಜಗತ್ತಿನ ದೊಡ್ಡ ಕಂಪನಿಗಳೆಲ್ಲ ಸಾಲಾಗಿ ಕೊಂಡ್ವು. ಆ 'ಆರ್' ಅಂದ್ರೆ ರಿಯಲ್ ಟೈಮ್. ಇಆರ್‌ಪಿ ಅನ್ನೋ ಹೆಸರನ್ನ 1990ರಲ್ಲಿ ಕೊಟ್ಟದ್ದು ಗಾರ್ಟ್‌ನರ್ ಅನ್ನೋ ಸಲಹಾ ಸಂಸ್ಥೆ.

ರೆಡಿಮೇಡ್ ಅಂದ್ವಲ್ಲ, ತೊಂದರೆ ಇರೋದೇ ಅಲ್ಲಿ. ವಿಜಯನಗರದ ಅಂಗಡಿಯಲ್ಲಿ ರೆಡಿಮೇಡ್ ಶರ್ಟ್ ತಗೊಂಡರೆ ತೋಳು ಉದ್ದವಾದಾಗ ಟೈಲರ್ ಹತ್ತಿರ ಕೊಟ್ಟು ಕತ್ತರಿಸಿಕೊಳ್ಳಬಹುದು. ಇಆರ್‌ಪಿ ಪ್ಯಾಕೇಜಿನ ಒಳಗೆ "ಕಂಪನಿ ಅಂದ್ರೆ ಹೀಗೆ ಕೆಲಸ ಮಾಡತ್ತೆ" ಅನ್ನೋ ಒಂದು ಅಳತೆ ಮೊದಲೇ ಹೊಲಿದಿರತ್ತೆ. ಹೊಂದದಿದ್ದರೆ ದಾರಿ ಎರಡೇ. ಸಾಫ್ಟ್‌ವೇರನ್ನ ಕತ್ತರಿಸಬೇಕು, ಇಲ್ಲಾ ಕಂಪನಿಯೇ ತನ್ನ ಅಭ್ಯಾಸ ಬದಲಾಯಿಸಬೇಕು. ಎರಡಕ್ಕೂ ದುಡ್ಡು ಬೇಕು, ಎರಡರಲ್ಲೂ ಜಗಳ ಇದೆ. ಸೀನಿಯರ್‌ಗಳು ಗೊಣಗೋ ಮೀಟಿಂಗ್‌ಗಳಲ್ಲಿ ಮುಕ್ಕಾಲು ಪಾಲು ಈ ಜಗಳವೇ.

ಲಿಡ್ಲ್ ಅನ್ನೋ ಜರ್ಮನ್ ಸೂಪರ್ ಮಾರ್ಕೆಟ್ ಸರಣಿಯ ಕಥೆ ನೋಡಿ. 2011ರಲ್ಲಿ ಸ್ಯಾಪ್ ಪ್ರಾಜೆಕ್ಟ್ ಶುರು ಮಾಡಿದರು. ಲಿಡ್ಲ್ ತನ್ನ ಸ್ಟಾಕಿನ ಬೆಲೆಯನ್ನ ಕೊಂಡ ದರದಲ್ಲಿ ಲೆಕ್ಕ ಹಾಕೋದು, ಪ್ಯಾಕೇಜ್ ಲೆಕ್ಕ ಹಾಕೋದು ಮಾರೋ ದರದಲ್ಲಿ. ಕೇಳೋಕೆ ಸಣ್ಣ ವಿಷಯ. ಆದರೆ ಲಿಡ್ಲ್ ತನ್ನ ಪದ್ಧತಿ ಬಿಡಲಿಲ್ಲ, ಸಾಫ್ಟ್‌ವೇರನ್ನೇ ಬದಲಾಯಿಸುತ್ತಾ ಹೋಯ್ತು. 2018ರಲ್ಲಿ ಇಡೀ ಪ್ರಾಜೆಕ್ಟನ್ನೇ ಕೈಬಿಟ್ಟರು. ಅಷ್ಟರಲ್ಲಿ ಸುಮಾರು 50 ಕೋಟಿ ಯೂರೋ ಖರ್ಚಾಗಿತ್ತು ಅಂತ ಪತ್ರಿಕೆಗಳು ಬರೆದವು. ಹಾಗಂತ ಕಸ್ಟಮೈಸೇಶನ್ ಯಾವಾಗಲೂ ತಪ್ಪು ಅಂತ ನಾವು ಹೇಳಲ್ಲ. ಕಂಪನಿಯೊಂದು ಬೇರೆಯವರಿಗಿಂತ ಭಿನ್ನವಾಗಿ ಮಾಡೋ ಕೆಲಸವೇ ಅದರ ಗೆಲುವಿಗೆ ಕಾರಣ ಆಗಿರಬಹುದು. ಕಷ್ಟ ಇರೋದು ಯಾವುದು ಅಂಥ ಕೆಲಸ, ಯಾವುದು ಬರೀ ಹಳೇ ಚಟ ಅಂತ ಗುರುತಿಸೋದರಲ್ಲಿ. ಮೇಲಾಗಿ ಕತ್ತರಿಸಿ ಹೊಲಿದ ಕೋಡ್ ಪ್ರತಿ ಅಪ್‌ಗ್ರೇಡ್‌ನಲ್ಲೂ ಕಾಡತ್ತೆ. ಸ್ಯಾಪ್‌ನ ಹಳೇ ಇಸಿಸಿ ಆವೃತ್ತಿಗೆ ಮಾಮೂಲಿ ಸಪೋರ್ಟ್ 2027ರ ಕೊನೆಗೆ ನಿಲ್ಲತ್ತೆ. ಇಪ್ಪತ್ತು ವರ್ಷ ಹೊಲಿಗೆ ಹಾಕಿಸಿಕೊಂಡ ಕಂಪನಿಗಳು ಈಗ ಒಂದೊಂದೇ ಹೊಲಿಗೆ ಬಿಚ್ಚಿ ನೋಡ್ತಾ ಕೂತಿವೆ. ನಮ್ಮ ಸೀನಿಯರ್‌ಗಳಿಗೆ ಬರ್ತಿರೋ ಆಫರ್‌ಗಳಿಗೆ ಇದೂ ಒಂದು ಕಾರಣ.

ಇದೆಲ್ಲ ಕಂಪನಿಯ ದುಡ್ಡಿನ ವಿಷಯ, ನಮಗೇನು ಅನ್ನೋ ಹಾಗಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಆರೋಗ್ಯ ಇಲಾಖೆ 2010ರ ಮಾರ್ಚ್‌ನಲ್ಲಿ ಹೊಸ ಸಂಬಳ ವ್ಯವಸ್ಥೆ ಶುರು ಮಾಡಿತು. ಸ್ಯಾಪ್ ಪ್ಯಾಕೇಜ್, ಕೆಲಸ ವಹಿಸಿಕೊಂಡದ್ದು ಐಬಿಎಂ. ಸುಮಾರು 80 ಸಾವಿರ ನೌಕರರು. ನೈಟ್ ಶಿಫ್ಟ್‌ಗೊಂದು ದರ, ಭಾನುವಾರಕ್ಕೊಂದು ದರ, ದೂರದ ಊರಿಗೊಂದು ಭತ್ಯೆ, ಹೀಗೆ ಸಂಬಳದ ನಿಯಮಗಳು ಒಂದಕ್ಕೊಂದು ಸೇರಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಗೆ. ಪೂರ್ತಿ ಟೆಸ್ಟ್ ಮಾಡದೆ ಚಾಲೂ ಮಾಡಿದರು. ಸಾವಿರಾರು ನರ್ಸ್‌ಗಳು, ಆಸ್ಪತ್ರೆ ಸಿಬ್ಬಂದಿಗೆ ಸಂಬಳ ಕಡಿಮೆ ಬಂತು, ಕೆಲವರಿಗೆ ಬರಲೇ ಇಲ್ಲ, ಇನ್ನು ಕೆಲವರಿಗೆ ಜಾಸ್ತಿ ಬಂತು. ಜಾಸ್ತಿ ಬಂದದ್ದು ಖುಷಿಯ ವಿಷಯ ಅಲ್ಲ, ವಾಪಸ್ ಕೇಳ್ತಾರೆ. ಸರಿಪಡಿಸೋದು, ನಡೆಸೋದು ಎಲ್ಲ ಸೇರಿ 120 ಕೋಟಿ ಆಸ್ಟ್ರೇಲಿಯನ್ ಡಾಲರ್ ಆಗತ್ತೆ ಅಂತ ಅಂದಾಜಾಯ್ತು. 2013ರಲ್ಲಿ ವಿಚಾರಣಾ ಆಯೋಗವೇ ಕೂತಿತು. ರಾತ್ರಿಯೆಲ್ಲ ವಾರ್ಡಿನಲ್ಲಿ ನಿಂತವರ ಮನೆ ಬಾಡಿಗೆ ಒಂದು ಟೆಸ್ಟ್ ಕೇಸ್ ಮೇಲೆ ನಿಂತಿತ್ತು ಅನ್ನೋದು, ಲ್ಯಾಬ್ ರೆಕಾರ್ಡ್‌ನಲ್ಲಿ ಔಟ್‌ಪುಟ್ ಕಾಪಿ ಮಾಡೋ ನಾವು ನೆನಪಿಡಬೇಕಾದ ಸಂಗತಿ.

ಇನ್ನು ಡೇಟಾ. ಪ್ಯಾಕೇಜ್ ಖಾಲಿ ಪಾತ್ರೆ. ಅದಕ್ಕೆ ಗಿರಾಕಿಗಳು, ಸಪ್ಲೈಯರ್‌ಗಳು, ಐಟಂಗಳು, ಒಂದು ಪಂಪ್‌ಗೆ ಏನೇನು ಬಿಡಿಭಾಗ ಎಷ್ಟೆಷ್ಟು ಅನ್ನೋ ಪಟ್ಟಿ, ಎಲ್ಲ ತುಂಬಬೇಕು. ಇದಕ್ಕೆ ಮಾಸ್ಟರ್ ಡೇಟಾ ಅಂತಾರೆ. ಉದಾಹರಣೆಗೆ ದೂರ ಹೋಗೋದೇ ಬೇಡ. ಬೆಂಗಳೂರಲ್ಲಿ ವಿಜಯನಗರದ ಪಕ್ಕ ನಮ್ಮ ಮಾರೇನಹಳ್ಳಿ ಇದೆ, ಜೆ.ಪಿ. ನಗರದ ಹತ್ತಿರ ಇನ್ನೊಂದು ಮಾರೇನಹಳ್ಳಿ ಇದೆ. ಪಿನ್‌ಕೋಡ್ 560040 ಹಾಕದೆ 'ಮಾರೇನಹಳ್ಳಿ, ಬೆಂಗಳೂರು' ಅಂತಷ್ಟೇ ಬರೆದರೆ ಪಾರ್ಸಲ್ ಊರಿನ ಇನ್ನೊಂದು ಮೂಲೆಗೆ ಹೋಗಿ ಕೂರಬಹುದು. ಇಂಗ್ಲಿಷಲ್ಲಿ ಬರೆದಾಗ ಇನ್ನೂ ಮಜಾ: ಶುರುವಿನಲ್ಲಿ 'ಎ' ಒಂದಾ ಎರಡಾ, ಹಳ್ಳಿಗೆ 'ಎಲ್' ಒಂದಾ ಎರಡಾ? ಹತ್ತು ವರ್ಷದಲ್ಲಿ ಹತ್ತು ಕ್ಲರ್ಕ್‌ಗಳು ಹತ್ತು ಥರ ಬರೆದಿರ್ತಾರೆ. ಬಸವರಾಜ್, ಬಸವರಾಜು, ಬಿ. ರಾಜು ಮೂವರೂ ಒಬ್ಬನೇ ಸಪ್ಲೈಯರ್ ಅಂತ ಕಂಪ್ಯೂಟರ್‌ಗೆ ಹೇಗೆ ಗೊತ್ತಾಗಬೇಕು? ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಹೋಗೋದು ಇಂಥಲ್ಲೇ. ಸಾಫ್ಟ್‌ವೇರ್ ಇದನ್ನ ಹುಟ್ಟಿಸಿದ್ದಲ್ಲ, ಮೊದಲಿಂದ ಇದ್ದ ಕಸ ಈಗ ಬೆಳಕಿಗೆ ಬಂತು ಅಷ್ಟೆ.

ಡೇಟಾ ವಿಷಯದಲ್ಲಿ ನಮ್ಮ ರಾಜ್ಯದ ಒಂದು ಕೆಲಸ ಹೇಳಲೇಬೇಕು: ಭೂಮಿ. ಅದು ಕೊಂಡು ತಂದ ಪ್ಯಾಕೇಜ್ ಅಲ್ಲ, ಕೇಂದ್ರ ಸರ್ಕಾರದ ಎನ್‌ಐಸಿಯವರು ಬರೆದದ್ದು. ಆದರೆ ದೊಡ್ಡ ಸಂಸ್ಥೆಯೊಂದು ಹಳೇ ಪುಸ್ತಕದಿಂದ ಹೊಸ ವ್ಯವಸ್ಥೆಗೆ ದಾಟೋದು ಹೇಗೆ ಅನ್ನೋದಕ್ಕೆ ಇಷ್ಟು ಹತ್ತಿರದ ಉದಾಹರಣೆ ಇನ್ನೊಂದಿಲ್ಲ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನ ತಾಲ್ಲೂಕು ತಾಲ್ಲೂಕಿನಲ್ಲಿ ಕಂಪ್ಯೂಟರ್‌ಗೆ ಹತ್ತಿಸಿದರು. ಪ್ರಿಂಟ್ ತೆಗೆದು ಗ್ರಾಮ ಲೆಕ್ಕಿಗರ ಕೈಗೇ ಕೊಟ್ಟು ತಾಳೆ ನೋಡಿಸಿದರು. ಮಹತ್ವದ ತೀರ್ಮಾನ ಅದಾದಮೇಲಿನದು. ಅದಕ್ಕೂ ಹಿಂದೆ ನಡೆದ ಪ್ರಯತ್ನಗಳಲ್ಲಿ ಕೈಬರಹದ ಪಹಣಿಯೂ ಜೊತೆಗೆ ಮುಂದುವರಿದು, ಕಂಪ್ಯೂಟರ್‌ನಲ್ಲಿದ್ದದ್ದು ಹಳಸಿಹೋಗುತ್ತಿತ್ತು. ಈ ಸಲ ತಾಲ್ಲೂಕಿನಲ್ಲಿ ಭೂಮಿ ಚಾಲೂ ಆದಮೇಲೆ ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂತ ಸರ್ಕಾರ ಹೇಳಿಬಿಟ್ಟಿತು. ಆಗ ಕೌಂಟರ್‌ನಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್ ಸಿಗ್ತಿತ್ತು. ಸಿಬ್ಬಂದಿ ಲಾಗಿನ್ ಆಗಬೇಕಾದರೆ ಬೆರಳಚ್ಚು, ಆಮೇಲೆ ನಾನು ಮಾಡಿಲ್ಲ ಅನ್ನೋ ಹಾಗಿಲ್ಲ. ಖಾತೆ ಬದಲಾವಣೆ ಅರ್ಜಿಗಳು ಬಂದ ಸರದಿಯಲ್ಲೇ ಹೋಗಬೇಕು. ಪುಸ್ತಕ ಯಾರ ಕೈಲಿತ್ತೋ ಅವರ ಹಿಡಿತ ಸಡಿಲ ಆಯ್ತು. ಇಂಥ ಕಡೆ ವಿರೋಧ ಬಂದಾಗ ಅದನ್ನ ಕಂಪ್ಯೂಟರ್ ಭಯ ಅಂತಷ್ಟೇ ಓದಬಾರದು ಅನ್ನೋದು ನಮ್ಮ ಅಭಿಪ್ರಾಯ.

ಹಳೇದನ್ನ ಒಂದೇ ದಿನ ನಿಲ್ಲಿಸೋದು ಯಾವಾಗಲೂ ಸರಿಯಾ? ಹರ್ಷೀಸ್ ಚಾಕೊಲೇಟ್ ಕಂಪನಿ ಮೂರು ದೊಡ್ಡ ಸಾಫ್ಟ್‌ವೇರ್‌ಗಳನ್ನ ಒಟ್ಟಿಗೆ ಹಾಕಿಕೊಳ್ಳೋಕೆ ಹೊರಟು, ಅವಸರದಲ್ಲಿ 1999ರ ಜುಲೈನಲ್ಲಿ ಚಾಲೂ ಮಾಡಿತು. ಮುಂದೆಯೇ ಹ್ಯಾಲೋವೀನ್ ಹಬ್ಬ, ಅಮೆರಿಕದಲ್ಲಿ ಮಿಠಾಯಿ ಭರ್ಜರಿಯಾಗಿ ಮಾರೋ ಕಾಲ. ಗೋಡೌನ್‌ನಲ್ಲಿ ಚಾಕೊಲೇಟ್ ಇತ್ತು, ಅಂಗಡಿಗಳಿಂದ ಆರ್ಡರ್ ಇತ್ತು, ಎರಡೂ ಒಂದನ್ನೊಂದು ಸೇರಲಿಲ್ಲ. ಸುಮಾರು 10 ಕೋಟಿ ಡಾಲರ್ ಮೌಲ್ಯದ ಆರ್ಡರ್ ಪೂರೈಸೋಕೆ ಆಗಲಿಲ್ಲ. ದೀಪಾವಳಿ ಹಿಂದಿನ ವಾರ ಚಿಕ್ಕಪೇಟೆ ಅಂಗಡಿಯವರು ಬಿಲ್ಲಿಂಗ್ ಮೆಷಿನ್ ಬದಲಾಯಿಸಿದ ಹಾಗೆ. ಭೂಮಿಯಲ್ಲಿ ಹಳೇದನ್ನ ಪೂರ್ತಿ ನಿಲ್ಲಿಸಿದರೂ ತಾಲ್ಲೂಕು ತಾಲ್ಲೂಕಾಗಿ ಹೋದರು. ಇಲ್ಲಿ ಎಲ್ಲವೂ ಒಂದೇ ಏಟಿಗೆ.

ಇದರ ಬಗ್ಗೆ ಓದಿದ್ದಷ್ಟೇ ಸಾಲದು ಅಂತ, ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಇಪ್ಪತ್ತೆರಡು ವರ್ಷದಿಂದ ಇರೋ, ನಮ್ಮಲ್ಲೊಬ್ಬನ ಸೋದರಮಾವನನ್ನ ಮಾತಾಡಿಸಿದ್ವಿ. ಇಆರ್‌ಪಿ ಬಂದಾಗ ಏನಾಯ್ತು ಮಾವ ಅಂದ್ರೆ ನಕ್ಕರು. "ಮೊದ್ಲು ಪ್ಲೇಟಿಂಗ್‌ಗೆ ಹೋಗೋ ಪೀಸ್ ಬೆಳಿಗ್ಗೆ ಏಳಕ್ಕೇ ಆಟೋಗೆ ಹಾಕಿ ಕಳಿಸ್ತಿದ್ವಿ ಕಣ್ರೋ, ಚಲನ್ ಹತ್ತು ಗಂಟೆಗೆ ಬರೀತಿದ್ವಿ. ಈಗ ಸಿಸ್ಟಮ್‌ನಲ್ಲಿ ಚಲನ್ ಬರದೆ ಗೇಟ್‌ನಲ್ಲಿ ಸೆಕ್ಯುರಿಟಿ ಬಿಡಲ್ಲ. ಅಪ್ರೂವ್ ಮಾಡೋ ಸಾಹೇಬ್ರು ಬರೋದು ಹತ್ತಕ್ಕೆ." ಮೂರು ಗಂಟೆ ತಡ ಆದರೆ ಪ್ಲೇಟಿಂಗ್‌ನವನ ಆ ದಿನದ ಬ್ಯಾಚ್ ತಪ್ಪಿಹೋಗತ್ತೆ. ಕೊನೆಗೆ ಏಳು ಗಂಟೆ ಶಿಫ್ಟಿನ ಸೂಪರ್‌ವೈಸರ್‌ಗೂ ಅಪ್ರೂವಲ್ ಅಧಿಕಾರ ಕೊಟ್ಟರಂತೆ. ಪ್ರಾಜೆಕ್ಟ್‌ನವರು ನಿಮ್ಮನ್ನ ಮೊದಲೇ ಕೇಳಲಿಲ್ವಾ ಅಂತ ಕೇಳಿದ್ವಿ. "ಮ್ಯಾನೇಜರ್‌ನ ಕೇಳಿದ್ರು. ಅವ್ರು ರೂಲ್ ಬುಕ್‌ನಲ್ಲಿ ಇರೋದು ಹೇಳಿದ್ರು."

ರೂಲ್ ಬುಕ್‌ಗೂ ಬೆಳಿಗ್ಗೆ ಏಳು ಗಂಟೆಯ ಗೇಟಿಗೂ ಇರೋ ಅಂತರ ಯಾವ ಫ್ಲೋಚಾರ್ಟ್‌ನಲ್ಲೂ ಇರಲ್ಲ. ಅದನ್ನ ಕಂಡುಹಿಡಿಯೋಕೆ ಕನ್ಸಲ್ಟೆಂಟ್ ಸ್ಟೋರ್ಸ್‌ಗೆ ಹೋಗಿ ನಿಲ್ಲಬೇಕು, ಅವರ ಭಾಷೆಯಲ್ಲಿ ಕೇಳಬೇಕು. ಕನ್ನಡ ಸಂಘದವರು ಅನ್ನೋ ಕಾರಣಕ್ಕೆ ಹೇಳ್ತಿಲ್ಲ. ಮಾವನಿಗೆ ಕೊಟ್ಟ ಟ್ರೈನಿಂಗ್ ಎರಡು ದಿನ, ಪೂರ್ತಿ ಇಂಗ್ಲಿಷಲ್ಲಿ, ನೂರು ಸ್ಲೈಡ್. ಅವರು ಕಲಿತದ್ದು ಆಮೇಲೆ, ಪಕ್ಕದ ಟೇಬಲ್ ಹುಡುಗಿ ಹಳೇ ಡೈರಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟ ಒಂದೂವರೆ ಪುಟದಿಂದ: ಯಾವ ಕೋಡ್ ಹೊಡೆಯಬೇಕು, ಎಲ್ಲಿ ಎಂಟರ್ ಒತ್ತಬೇಕು, ಕೆಂಪು ಮೆಸೇಜ್ ಬಂದರೆ ಯಾರಿಗೆ ಫೋನ್ ಮಾಡಬೇಕು. ಆ ಪುಟದ ಜೆರಾಕ್ಸ್ ಈಗ ಆ ಸ್ಟೋರ್ಸ್‌ನ ಎಲ್ಲ ಟೇಬಲ್ಲಿನ ಗಾಜಿನ ಕೆಳಗೂ ಇದೆಯಂತೆ.